ದಿನಾ ಅಲರ್ಜಿ ಮಾತ್ರೆ ತಗೊಂಡು ದೇವಿಮನೆ ಘಟ್ಟ ಇಳೀಬಹುದಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಂಗೆ 38 ವರ್ಷ, ಶಿರಸಿ ಹತ್ರ ಊರು, ಸ್ವಂತ ಪಿಕಪ್ ಗಾಡಿ ಇದೆ. ದಿನಾ ಶಿರಸಿ ಕುಮಟಾ ಬಾಡಿಗೆ, ಸೀಸನ್ನಲ್ಲಿ ಅಡಿಕೆ ಚೀಲ, ಉಳಿದ ಟೈಮಲ್ಲಿ ಕಿರಾಣಿ ಸಾಮಾನು. ನಾಲ್ಕು ವರ್ಷದಿಂದ ಬೆಳಗ್ಗೆ ಎದ್ದ ಕೂಡ್ಲೆ ಹತ್ತು ಹದಿನೈದು ಸೀನು, ಮೂಗಲ್ಲಿ ನೀರು, ಕಣ್ಣು ತುರಿಕೆ, ರಾತ್ರಿ ಮೂಗು ಕಟ್ಟೋದು. ಮೆಡಿಕಲ್ ಶಾಪಲ್ಲಿ ಕೊಟ್ಟ ಥಂಡಿ ಮಾತ್ರೆ ಬೆಳಗ್ಗೆ ಒಂದು ರಾತ್ರಿ ಒಂದು ತಗೋತೇನೆ, ಸೀನು ನಿಲ್ತದೆ, ಆದ್ರೆ ಹೋದ ತಿಂಗಳು ಘಟ್ಟದಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿಹೋಯ್ತು, ಪಕ್ಕದಲ್ಲಿದ್ದ ಹುಡುಗ ಕೂಗಿದ್ದಕ್ಕೆ ಬಚಾವ್. ನಿದ್ದೆ ಬರದ ಮಾತ್ರೆ ಇದೆ ಅಂತಾರೆ, ಒಬ್ರು ಸಿಟ್ರಿಜಿನ್ ಅಂತಾರೆ, ಇನ್ನೊಬ್ರು ಅಲೆಗ್ರಾ. ಯಾವ್ದು ತಗೊಳ್ಳೋದು? ದಿನಾ ತಗೊಂಡ್ರೆ ಕಿಡ್ನಿ ಹಾಳಾಗ್ತದೆ ಅಂತ ಅಮ್ಮ ಹೆದರಿಸ್ತಾರೆ, ಹೌದಾ? ಅಪ್ಪಂಗೆ 71, ಅವ್ರಿಗೂ ಹೀಗೇ ಸೀನು, ನನ್ನ ಮಾತ್ರೆನೇ ಕೊಡ್ಬಹುದಾ? ಇನ್ನೊಂದು, ಕುಮಟಾದಲ್ಲಿ ಬಂಗಡೆ ತಿಂದು ಒಮ್ಮೆ ಮೈಯೆಲ್ಲ ಕೆಂಪಾಗಿತ್ತು, ಅದೂ ಇದೇ ಅಲರ್ಜಿನಾ?

ಉತ್ತರ: ಮೊದಲು ಒಂದು ಮಾತು, ಉಳಿದದ್ದು ಆಮೇಲೆ ಓದಿದ್ರೂ ನಡೀತದೆ. ಆ ಥಂಡಿ ಮಾತ್ರೆ ಇವತ್ತಿಂದಲೇ ಬಿಟ್ಬಿಡಿ, ನಾಳೆ ಗಾಡಿ ತೆಗಿಯೋದಿದ್ರೆ ಇವತ್ತು ರಾತ್ರಿಯದ್ದೂ ಬೇಡ. ದೇವಿಮನೆ ಘಟ್ಟದ ತಿರುವಲ್ಲಿ ಒಂದು ಕ್ಷಣ ಕಣ್ಣು ಮುಚ್ಚೋದು ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ನಾನೂ ಅದೇ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದವಳು, ಮಳೆಗಾಲದಲ್ಲಿ ಮಂಜು ಇಳಿದ್ರೆ ಎದುರಿನ ಲಾರಿ ಲೈಟು ಹತ್ತು ಮಾರು ದೂರಕ್ಕೆ ಬಂದ್ಮೇಲೇ ಕಾಣೋದು. ನಿಮ್ಮ ಪತ್ರ ಓದಿ ನಂಗೆ ನಿಜಕ್ಕೂ ಹೆದ್ರಿಕೆ ಆಯ್ತು, ಅದಕ್ಕೇ ಸ್ವಲ್ಪ ಉದ್ದ ಬರೀತಿದೇನೆ.

ಈಗ ಆ ಮಾತ್ರೆ ಸ್ಟ್ರಿಪ್ ಕೈಗೆ ತಗೊಂಡು ತಿರುಗಿಸಿ. ಮುಂದುಗಡೆ ದೊಡ್ಡಕ್ಷರದಲ್ಲಿ ಇರೋದು ಕಂಪನಿ ಇಟ್ಟ ಹೆಸರು, ಅದರಿಂದ ಏನೂ ಗೊತ್ತಾಗಲ್ಲ. ಒಳಗಿನ ಔಷಧಿ ಹೆಸರು ಇರೋದು ಹಿಂದೆ, ಆ ಬೆಳ್ಳಿ ಹಾಳೆ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದ್ರೆ ಮಾತ್ರ ಕಾಣ್ತದೆ, ಕಾಣದಿದ್ರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡ್ಕೊಳ್ಳಿ. ಥಂಡಿ ಮಾತ್ರೆ ಅಂತ ಕೊಡೋವುಗಳಲ್ಲಿ ಸಾಮಾನ್ಯವಾಗಿ ಮೂರು ಹೆಸರು ಇರ್ತದೆ: ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್ ಮೆಲಿಯೇಟ್. ನಿಮ್ಮದೂ ಅದೇ ಇರ್ಬೇಕು, ನೀವು ಹೇಳಿದ ಲಕ್ಷಣಕ್ಕೆ ಅದು ತಾಳೆ ಆಗ್ತದೆ. ಪ್ಯಾರಾಸಿಟಮಾಲ್ ಜ್ವರ ನೋವಿನದ್ದು, ನಿಮಗೆ ಜ್ವರನೇ ಇಲ್ಲ, ಸುಮ್ನೆ ದಿನಾ ಎರಡು ಹೊಟ್ಟೆಗೆ ಹೋಗ್ತಿದೆ. ಫಿನೈಲೆಫ್ರಿನ್ ಮೂಗು ಕಟ್ಟಿದ್ದು ಬಿಡಿಸ್ಲಿಕ್ಕೆ ಅಂತ ಹಾಕ್ತಾರೆ, ಆದ್ರೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕರೆಸಿದ ತಜ್ಞರ ಸಮಿತಿ, ಮಾತ್ರೆ ರೂಪದಲ್ಲಿ ಬಾಯಿಗೆ ಹಾಕೊಂಡ್ರೆ ಅದರಿಂದ ಮೂಗಿಗೆ ಉಪಯೋಗ ಇಲ್ಲ ಅಂತ ಒಕ್ಕೊರಲಿಂದ ಹೇಳ್ತು. ಉಳಿದದ್ದು ಕ್ಲೋರ್‌ಫೆನಿರಮಿನ್, ಮೆಡಿಕಲ್ ಶಾಪಿನವ್ರ ಬಾಯಲ್ಲಿ ಸಿಪಿಎಂ. ನಿಮ್ಮ ಸೀನು ನಿಲ್ಲಿಸಿದ್ದೂ ಅದೇ, ಘಟ್ಟದಲ್ಲಿ ಕಣ್ಣು ಮುಚ್ಚಿಸಿದ್ದೂ ಅದೇ.

ಯಾಕೆ ಹೀಗೆ ಅಂತ ಸ್ವಲ್ಪ ಹೇಳ್ತೇನೆ, ಇದು ಗೊತ್ತಾದ್ರೆ ಯಾವ ಮಾತ್ರೆ ಅನ್ನೋದು ನಿಮಗೇ ಹೊಳೀತದೆ. ಧೂಳೋ ಬೂಷ್ಟೋ ಮೂಗಿಗೆ ಹೋದಾಗ ಅಲರ್ಜಿ ಇರೋರ ಮೂಗಿನ ಒಳಚರ್ಮದಲ್ಲಿರೋ ಕೆಲವು ಜೀವಕೋಶಗಳು ಒಡೆದು ಹಿಸ್ಟಮಿನ್ ಅನ್ನೋ ರಾಸಾಯನಿಕ ಚೆಲ್ತವೆ, ಸೀನು, ತುರಿಕೆ, ನೀರು ಎಲ್ಲ ಅದರದ್ದೇ ಕೆಲಸ. ಆ್ಯಂಟಿ ಹಿಸ್ಟಮಿನ್ ಮಾತ್ರೆ ಏನು ಮಾಡ್ತದೆ ಅಂದ್ರೆ ಹಿಸ್ಟಮಿನ್ ಬಂದು ಕೂರೋ ಜಾಗದಲ್ಲಿ ತಾನು ಮೊದಲೇ ಹೋಗಿ ಕೂತ್ಬಿಡ್ತದೆ, ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿದ ಹಾಗೆ. ಅಲ್ಲಿವರೆಗೆ ಸರಿ. ಆದ್ರೆ ಹಿಸ್ಟಮಿನ್ ಬರೀ ಮೂಗಲ್ಲಿ ಇರೋದಲ್ಲ, ಮಿದುಳಲ್ಲೂ ಇದೆ, ಅಲ್ಲಿ ಅದರ ಕೆಲಸ ನಮ್ಮನ್ನ ಎಚ್ಚರ ಇಡೋದು. ಸಿಪಿಎಂ, ಅವಿಲ್, ಅಟರಾಕ್ಸ್ ಇಂಥ ಹಳೇ ತಲೆಮಾರಿನ ಮಾತ್ರೆಗಳು ರಕ್ತದಿಂದ ಮಿದುಳಿಗೆ ಸಲೀಸಾಗಿ ನುಗ್ತವೆ, ಅಲ್ಲೂ ಸೀಟ್ ಹಿಡೀತವೆ, ಎಚ್ಚರ ಇಡೋದಕ್ಕೆ ಕೂರ್ಲಿಕ್ಕೆ ಜಾಗನೇ ಇರಲ್ಲ. ಅದೂ ಸಿಪಿಎಂ ಬೇಗ ಮೈಯಿಂದ ಹೋಗೋದಲ್ಲ, ರಾತ್ರಿ ಒಂಬತ್ತಕ್ಕೆ ತಗೊಂಡದ್ದು ಮರುದಿನ ಬೆಳಗ್ಗೆ ನೀವು ಗೇರ್ ಹಾಕುವಾಗಲೂ ರಕ್ತದಲ್ಲಿ ಸಾಕಷ್ಟು ಇರ್ತದೆ. ಹಾಗಾಗಿ ರಾತ್ರಿ ಮಾತ್ರ ತಗೊಂಡ್ರೆ ಹಗಲು ತೊಂದ್ರೆ ಇಲ್ಲ ಅನ್ನೋ ಲೆಕ್ಕ ಇದಕ್ಕೆ ನಡಿಯಲ್ಲ.

ಇಲ್ಲಿ ಇನ್ನೊಂದು ವಿಷಯ ಇದೆ, ಇದನ್ನ ಡ್ರೈವರ್‌ಗಳಿಗೆ ನಾನು ಎಷ್ಟು ಸಲ ಹೇಳಿದ್ರೂ ಸಾಲದು ಅನ್ಸ್ತದೆ. "ನಂಗೆ ಅಭ್ಯಾಸ ಆಗಿದೆ ಮೇಡಂ, ಈಗೆಲ್ಲ ನಿದ್ದೆ ಬರಲ್ಲ" ಅಂತಾರೆ. 2000ದಲ್ಲಿ ಅಮೆರಿಕದ ಅಯೋವಾದಲ್ಲಿ ಅಲರ್ಜಿ ಇರೋ 40 ಜನರನ್ನ ಡ್ರೈವಿಂಗ್ ಸಿಮ್ಯುಲೇಟರಲ್ಲಿ ಕೂರಿಸಿ ಒಂದು ಪರೀಕ್ಷೆ ಮಾಡಿದ್ರು. ಅದೇ ಜನರಿಗೆ ಬೇರೆಬೇರೆ ದಿನ ಹಳೇ ತಲೆಮಾರಿನ ಡೈಫೆನ್‌ಹೈಡ್ರಮಿನ್, ಹೊಸ ತಲೆಮಾರಿನ ಫೆಕ್ಸೊಫೆನಡಿನ್, ಮದ್ಯ, ಮತ್ತೆ ಏನೂ ಇಲ್ಲದ ಸುಳ್ಳು ಮಾತ್ರೆ ಕೊಟ್ಟು ಓಡಿಸೋಕೆ ಹೇಳಿದ್ರು. ಮದ್ಯ ಕೊಟ್ಟದ್ದು ರಕ್ತದಲ್ಲಿ ಸುಮಾರು 0.1 ಶೇಕಡಾ ಆಗೋಷ್ಟು, ಅಂದ್ರೆ ನಮ್ಮಲ್ಲಿ ಪೊಲೀಸರು ಊದಿಸಿ ಹಿಡಿಯೋ ಮಿತಿಗಿಂತ ಮೂರು ಪಟ್ಟು. ಹಳೇ ಮಾತ್ರೆ ತಗೊಂಡ ದಿನ ಗಾಡಿ ಓಡಿಸಿದ್ದು ಕುಡಿದ ದಿನಕ್ಕಿಂತ ಕೆಟ್ಟದಾಗಿತ್ತು. ಫೆಕ್ಸೊಫೆನಡಿನ್ ತಗೊಂಡವ್ರು ಸುಳ್ಳು ಮಾತ್ರೆ ತಗೊಂಡವರ ಹಾಗೇ ಓಡಿಸಿದ್ರು. ನಂಗೆ ಅದಕ್ಕಿಂತ ಮುಖ್ಯ ಅನ್ಸಿದ್ದು ಇದು, ನಿಮಗೆ ಎಷ್ಟು ನಿದ್ದೆ ಬರ್ತಿದೆ ಅಂತ ಕೇಳಿದ್ದಕ್ಕೆ ಅವ್ರು ಕೊಟ್ಟ ಉತ್ತರಕ್ಕೂ ಅವ್ರು ಗಾಡಿ ಓಡಿಸಿದ್ದಕ್ಕೂ ಸರಿಯಾದ ಸಂಬಂಧನೇ ಇರ್ಲಿಲ್ಲ. ನಿದ್ದೆ ಬಂದಂಗೆ ಅನ್ಸದೇ ಇದ್ರೂ ಕಾಲು ಬ್ರೇಕಿಗೆ ಹೋಗೋದು ತಡ ಆಗ್ಬಹುದು. ಡೈಫೆನ್‌ಹೈಡ್ರಮಿನ್ ಮತ್ತೆ ನಿಮ್ಮ ಸಿಪಿಎಂ ಒಂದೇ ಗುಂಪಿನವು.

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ. ನಿದ್ದೆ ಬರದ ಮಾತ್ರೆ ಅಂತ ಒಂದೇ ಹೆಸರಲ್ಲಿ ಕರೆಯೋ ಗುಂಪಲ್ಲಿ ಸಿಟ್ರಿಜಿನ್, ಲಿವೊಸಿಟ್ರಿಜಿನ್, ಲೊರಾಟಡಿನ್, ಡೆಸ್‌ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಎಲ್ಲ ಇವೆ, ಆದ್ರೆ ಎಲ್ಲ ಒಂದೇ ಅಲ್ಲ. ಸಿಟ್ರಿಜಿನ್ ಹುಟ್ಟಿದ್ದೇ ಅಟರಾಕ್ಸ್ ಒಳಗಿನ ಹೈಡ್ರಾಕ್ಸಿಜಿನ್‌ನಿಂದ, ಅಂದ್ರೆ ಹೈಡ್ರಾಕ್ಸಿಜಿನ್ ಮೈಯೊಳಗೆ ಹೋಗಿ ಬದಲಾಗಿ ಆಗೋ ವಸ್ತುವೇ ಸಿಟ್ರಿಜಿನ್. ಅಪ್ಪನಷ್ಟು ಮಂಪರು ಇಲ್ಲ, ಆದ್ರೆ ಮನೆತನದ ಗುಣ ಸ್ವಲ್ಪ ಉಳಿದಿದೆ, ಸುಮಾರು ಹತ್ತರಲ್ಲಿ ಒಬ್ಬರಿಗೆ ಜೋಂಪು ಬರ್ತದೆ. ಲಿವೊಸಿಟ್ರಿಜಿನ್ ಅದರದ್ದೇ ಅರ್ಧ ಭಾಗ, 10ರ ಬದಲು 5 ಎಂಜಿ ಸಾಕು, ಜೋಂಪಿನ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಫೆಕ್ಸೊಫೆನಡಿನ್ ಮಾತ್ರ ಬೇರೆ ಥರ, ಅದು ಮಿದುಳಿನ ಬಾಗಿಲಿಗೆ ಹೋದ್ರೂ ಅಲ್ಲಿರೋ ಒಂದು ವ್ಯವಸ್ಥೆ ಅದನ್ನ ವಾಪಸ್ ಹೊರಗೆ ತಳ್ತಾ ಇರ್ತದೆ, ಮಿದುಳಿನ ಸ್ಕ್ಯಾನ್ ಮಾಡಿ ನೋಡಿದ್ರೂ ಅದು ಅಲ್ಲಿ ಸೀಟ್ ಹಿಡಿದದ್ದು ಕಾಣಲ್ಲ ಅನ್ನೋಷ್ಟು ಕಡಿಮೆ. ಅಮೆರಿಕದ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆ ಫೆಕ್ಸೊಫೆನಡಿನ್, ಲೊರಾಟಡಿನ್ ತಗೊಂಡು ವಿಮಾನ ಹಾರಿಸ್ಲಿಕ್ಕೆ ಬಿಡ್ತದೆ, ಸಿಟ್ರಿಜಿನ್‌ಗೆ ಬಿಡಲ್ಲ. ವಿಮಾನ ಹಾರಿಸೋರಿಗೆ ಒಂದು ನ್ಯಾಯ, ಎರಡು ಟನ್ ಅಡಿಕೆ ಹೇರ್ಕೊಂಡು ಘಟ್ಟ ಇಳಿಯೋರಿಗೆ ಇನ್ನೊಂದು ಯಾಕೆ? ಅದಕ್ಕೇ ನಿಮ್ಮಂಥವ್ರಿಗೆ ನನ್ನ ಮೊದಲ ಆಯ್ಕೆ ಫೆಕ್ಸೊಫೆನಡಿನ್. ಅಲೆಗ್ರಾ ಅಂದ್ರೆ ಅದೇ, ಬೇರೆ ಕಂಪನಿಯವೂ ಬೇಕಾದಷ್ಟಿವೆ, ಜನೌಷಧಿ ಅಂಗಡಿಯಲ್ಲಿ ಔಷಧಿ ಹೆಸರು ಹೇಳಿ ಕೇಳಿ, ಅಲ್ಲಿ ಸಿಕ್ಕಿದ್ರೆ ದುಡ್ಡೂ ಉಳೀತದೆ.

ಇದರ ಹಿಂದೆ ಒಂದು ಕಥೆ ಇದೆ. ನಿದ್ದೆ ಬರಲ್ಲ ಅಂತ ಮೊದಮೊದಲು ಜಗತ್ತೆಲ್ಲ ಹೆಸರು ಮಾಡಿದ್ದು ಟರ್ಫೆನಡಿನ್ ಅನ್ನೋ ಮಾತ್ರೆ. ಆಮೇಲೆ ಗೊತ್ತಾಯ್ತು, ಅದನ್ನ ಎರಿಥ್ರೊಮೈಸಿನ್, ಕೀಟೊಕೊನಜೋಲ್ ಇಂಥ ಕೆಲವು ಔಷಧಿ ಜೊತೆ ತಗೊಂಡ್ರೆ ಲಿವರಿಗೆ ಅದನ್ನ ಪುಡಿ ಮಾಡ್ಲಿಕ್ಕೆ ಆಗದೆ ರಕ್ತದಲ್ಲಿ ಹಾಗೇ ಏರಿ ಹೃದಯದ ಬಡಿತದ ಲಯನೇ ತಪ್ಪಿಸ್ತದೆ, ಜೀವ ಹೋದ ಉದಾಹರಣೆನೂ ಇತ್ತು. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಅದನ್ನ ಹಿಂದಕ್ಕೆ ತಗೊಂಡ್ರು. ಟರ್ಫೆನಡಿನ್ ಲಿವರಲ್ಲಿ ಬದಲಾಗಿ ಕೊನೆಗೆ ಯಾವ ವಸ್ತು ಆಗಿ ಕೆಲಸ ಮಾಡ್ತಿತ್ತೋ ಅದನ್ನೇ ಬೇರೆ ಮಾಡಿ ಮಾತ್ರೆ ಮಾಡಿದ್ದು ಫೆಕ್ಸೊಫೆನಡಿನ್, ಹೃದಯದ ಆ ತೊಂದ್ರೆ ಇದಕ್ಕಿಲ್ಲ.

ತಗೊಳ್ಳೋ ಕ್ರಮ. ಮೂಗಿನ ಅಲರ್ಜಿಗೆ ದೊಡ್ಡವ್ರಿಗೆ ದಿನಕ್ಕೊಂದು 120 ಎಂಜಿ, ಮೈಮೇಲೆ ಪಿತ್ತಗಂಧೆ ಏಳೋರಿಗೆ 180 ಅನ್ನೋದು ರೂಢಿಯ ಲೆಕ್ಕ. ನೀರಲ್ಲೇ ತಗೊಳ್ಳಿ, ಇದೊಂದು ದಯವಿಟ್ಟು ನೆನಪಿಡಿ. ಕಿತ್ತಳೆ, ಸೇಬು ಇಂಥ ಹಣ್ಣಿನ ರಸದ ಜೊತೆ ತಗೊಂಡ್ರೆ ಕರುಳಲ್ಲಿ ಮಾತ್ರೆ ಹೀರ್ಕೊಳ್ಳೋದೇ ಅರ್ಧಕ್ಕರ್ಧ ಕಡಿಮೆ ಆಗಿಬಿಡ್ತದೆ, ಆಮೇಲೆ "ಈ ಮಾತ್ರೆ ನಂಗೆ ಹಿಡಿಸಲ್ಲ" ಅಂತ ಬಿಡ್ತಾರೆ, ಮಾತ್ರೆ ತಪ್ಪೇ ಅಲ್ಲ ಅದು. ಬೇಸಿಗೆಯಲ್ಲಿ ಕುಮಟಾ ಬಸ್ ಸ್ಟ್ಯಾಂಡ್ ಹತ್ರ ಜ್ಯೂಸ್ ಕುಡೀತಾ ಅದರಲ್ಲೇ ಮಾತ್ರೆ ನುಂಗೋದು ಬೇಡ. ಗ್ಯಾಸಿಗೆ ಅಂತ ಕುಡಿಯೋ ಆ್ಯಂಟಾಸಿಡ್ ಟಾನಿಕ್ ಕೂಡ ಹಾಗೇ, ಎರಡರ ಮಧ್ಯೆ ಎರಡು ತಾಸು ಬಿಡಿ. ಬಿಲಾಸ್ಟಿನ್ ಬರ್ಕೊಟ್ಟಿದ್ರೆ ಅದು ಇನ್ನೂ ಹಟದ್ದು, ಊಟ ತಿಂಡಿಗೆ ಒಂದು ತಾಸು ಮುಂಚೆ ಇಲ್ಲಾ ಎರಡು ತಾಸು ಆದ್ಮೇಲೆ, ಬೆಳಗ್ಗೆ ತೆಳ್ಳೇವು ತಿಂದು ಕೈ ತೊಳ್ಕೊಂಡು ನುಂಗಿದ್ರೆ ಪೂರ್ತಿ ಫಲ ಸಿಗಲ್ಲ. ಮತ್ತೆ ಯಾವುದೇ ಹೊಸ ಮಾತ್ರೆ ಇರ್ಲಿ, ಫೆಕ್ಸೊಫೆನಡಿನ್ ಆದ್ರೂ ಸರಿ, ಮೊದಲ ಸಲ ಬಾಡಿಗೆ ಇಲ್ಲದ ದಿನ ತಗೊಂಡು ನೋಡಿ, ಒಬ್ಬೊಬ್ಬರ ಮೈ ಒಂದೊಂದು ಥರ.

ಸಿಟ್ರಿಜಿನ್ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಅಗ್ಗ, ಎಲ್ಲ ಕಡೆ ಸಿಗ್ತದೆ, ಒಂದು ತಾಸಲ್ಲಿ ಹಿಡೀತದೆ, ತುರಿಕೆಗಂತೂ ತುಂಬ ಒಳ್ಳೇದು. ಮನೇಲಿ ಇರೋರು, ಅಂಗಡಿ ನೋಡ್ಕೊಳ್ಳೋರು ರಾತ್ರಿ ಮಲಗುವಾಗ ತಗೊಂಡು ಆರಾಮ ಇದ್ದಾರೆ, ಅವ್ರು ಬದಲಾಯಿಸ್ಬೇಕು ಅಂತೇನಿಲ್ಲ. ಗಾಡಿ ಓಡಿಸೋರು, ಅಡಿಕೆ ಮರ ಹತ್ತೋ ಕೊನೆಗೌಡರು, ಕಾರವಾರ ಬದಿ ದೋಣಿ ಮೇಲೆ ರಾತ್ರಿ ಮೀನಿಗೆ ಹೋಗೋರು, ಮರದ ಮಿಲ್ಲಲ್ಲಿ ಗರಗಸದ ಎದ್ರು ನಿಲ್ಲೋರು, ಇವ್ರಿಗೆ ಮಾತ್ರ ನಾನು ಆ ಹತ್ತರಲ್ಲಿ ಒಂದು ಅನ್ನೋ ರಿಸ್ಕ್ ಬೇಡ ಅಂತೇನೆ. ಮದ್ಯದ ಜೊತೆಗಂತೂ ಸಿಟ್ರಿಜಿನ್ ಸೇರಿಸ್ಲೇಬಾರದು.

ಅಮ್ಮನ ಕಿಡ್ನಿ ಮಾತು. ಅಮ್ಮನಿಗೆ ಹೇಳಿ, ಈ ಮಾತ್ರೆಗಳು ಕಿಡ್ನಿ ಹಾಳು ಮಾಡಲ್ಲ. ಆದ್ರೆ ಅವ್ರ ಮಾತಲ್ಲಿ ಒಂದೆಳೆ ನಿಜ ಇದೆ, ಅದು ಉಲ್ಟಾ ದಿಕ್ಕಲ್ಲಿ. ಸಿಟ್ರಿಜಿನ್, ಲಿವೊಸಿಟ್ರಿಜಿನ್ ಮೈಯಿಂದ ಹೊರಗೆ ಹೋಗೋದೇ ಹೆಚ್ಚಾಗಿ ಮೂತ್ರದಲ್ಲಿ, ಹಾಗಾಗಿ ಯಾರ ಕಿಡ್ನಿ ಮೊದಲೇ ಸೋತಿದೆಯೋ ಅವ್ರಿಗೆ ಮಾತ್ರೆ ಮೈಯಲ್ಲೇ ಉಳಿದು ಮಂಪರು ಜಾಸ್ತಿ ಆಗ್ತದೆ, ಡೋಸ್ ಕಡಿಮೆ ಮಾಡ್ಬೇಕು. ಫೆಕ್ಸೊಫೆನಡಿನ್‌ಗೂ ಕಿಡ್ನಿ ತೊಂದ್ರೆ ಇದ್ರೆ ಡೋಸ್ ಇಳಿಸ್ತೇವೆ. ಶುಗರ್ ಬಿಪಿ ಹತ್ತಾರು ವರ್ಷದಿಂದ ಇರೋರು ಕ್ರಿಯಾಟಿನಿನ್ ಅಂತ ಕಿಡ್ನಿಯ ರಕ್ತಪರೀಕ್ಷೆ ಇದೆ, ಅದನ್ನ ಒಮ್ಮೆ ನೋಡಿಸ್ಕೊಂಡು ಶುರು ಮಾಡೋದು ಒಳ್ಳೇದು.

ದಿನಾ ತಗೊಳ್ಳೋದ್ರ ಬಗ್ಗೆ ಇನ್ನೊಂದು ಭಯ, ಅಭ್ಯಾಸ ಆಗಿ ಕೆಲಸ ಮಾಡೋದು ನಿಲ್ತದೆ ಅಂತ. ಹಾಗೇನಿಲ್ಲ, ಹೊಸ ತಲೆಮಾರಿನವು ತಿಂಗಳುಗಟ್ಟಲೆ ತಗೊಂಡ್ರೂ ಅಷ್ಟೇ ಕೆಲಸ ಮಾಡ್ತವೆ. ನಿಮ್ಮ ಹಾಗೆ ವಾರದಲ್ಲಿ ಹೆಚ್ಚಿನ ದಿನ ತೊಂದ್ರೆ ಇರೋರಿಗೆ ಸೀನು ಬಂದ್ಮೇಲೆ ಓಡಿಹೋಗಿ ನುಂಗೋದಕ್ಕಿಂತ ದಿನಾ ಒಂದೇ ಹೊತ್ತಿಗೆ ತಗೊಳ್ಳೋದೇ ಚೆನ್ನ, ಯಾಕಂದ್ರೆ ಹಿಸ್ಟಮಿನ್ ಬಂದು ಕೂರೋ ಮೊದಲೇ ಸೀಟ್ ಹಿಡೀಬೇಕಲ್ಲ. ಆದ್ರೆ ಒಂದು ವಿಷಯ ಮುಚ್ಚಿಡೋದು ಸರಿಯಲ್ಲ. 2025ರ ಮೇ ತಿಂಗಳಲ್ಲಿ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿದೆ, ಸಿಟ್ರಿಜಿನ್ ಇಲ್ಲಾ ಲಿವೊಸಿಟ್ರಿಜಿನ್ ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿನಾ ತಗೊಂಡು ಒಮ್ಮೆಲೇ ನಿಲ್ಲಿಸಿದ ಕೆಲವ್ರಿಗೆ ಕೆಲವೇ ದಿನದಲ್ಲಿ ಮೈಯೆಲ್ಲ ವಿಪರೀತ ತುರಿಕೆ ಬಂದಿದೆ ಅಂತ. ತುಂಬ ಅಪರೂಪ, ಆದ್ರೆ ಬಂದವ್ರಿಗೆ ಸುಮ್ನೆ ಸಹಿಸೋ ತುರಿಕೆ ಅಲ್ಲ ಅದು. ಹೆಚ್ಚಿನವ್ರಿಗೆ ಮತ್ತೆ ಮಾತ್ರೆ ಶುರು ಮಾಡಿದಾಗ ಕಡಿಮೆ ಆಗಿದೆ, ಆಮೇಲೆ ನಿಧಾನ ಡೋಸ್ ಇಳಿಸಿ ಬಿಟ್ಟಾಗ ಕೆಲವ್ರು ಪಾರಾಗಿದ್ದಾರೆ. ಅದಕ್ಕೇ ವರ್ಷಗಟ್ಟಲೆ ತಗೊಂಡವ್ರು ಬಿಡೋ ಮನಸ್ಸಾದ್ರೆ ಡಾಕ್ಟರಿಗೆ ಒಂದು ಮಾತು ಹೇಳಿ ಬಿಡಿ.

ಅಪ್ಪನ ವಿಷಯಕ್ಕೆ ಬರುವಾಗ ನಾನು ನಮ್ಮನೆ ಕಥೆನೇ ಹೇಳ್ಬೇಕು. ನಮ್ಮ ಅಪ್ಪಯ್ಯಂಗೆ ಆಗ 73. ಮಾರಿಕಾಂಬಾ ಜಾತ್ರೆಯ ಧೂಳಲ್ಲಿ ಎರಡು ದಿನ ಓಡಾಡಿ ಬಂದು ಸೀನು ಶುರುವಾಯ್ತು, ನಂಗೆ ಹೇಳದೆ ಪೇಟೆಯಲ್ಲಿ ಒಂದು ಅಂಗಡಿಯಿಂದ ಥಂಡಿ ಮಾತ್ರೆ ತಂದು ದಿನಕ್ಕೆ ಮೂರರ ಹಾಗೆ ತಗೊಂಡಿದ್ದಾರೆ. ಎರಡನೇ ರಾತ್ರಿ ಎರಡು ಗಂಟೆಗೆ ಬಚ್ಚಲಲ್ಲಿ ಲೈಟು ಉರೀತಿತ್ತು, ನಲ್ಲಿ ಸಣ್ಣಗೆ ಬಿಟ್ಟ ಶಬ್ದ. ಬಾಗಿಲು ತಟ್ಟಿ ಕೇಳಿದೆ, "ಏನಿಲ್ಲ, ನೀ ಮಲಕೊ" ಅಂದ್ರು, ಆ ಧ್ವನಿಯಲ್ಲೇ ಗೊತ್ತಾಯ್ತು. ನೀರಿನ ಶಬ್ದ ಕೇಳಿದ್ರಾದ್ರೂ ಮೂತ್ರ ಬರ್ಲಿ ಅಂತ ನಲ್ಲಿ ಬಿಟ್ಟು ನಿಂತಿದ್ರು, ಹೊಕ್ಕುಳ ಕೆಳಗೆ ಕೈ ಇಟ್ಟು ನೋಡಿದ್ರೆ ಎಳನೀರು ಕಾಯಿ ಥರ ಬಿಗಿದು ನಿಂತಿದೆ, ಹಣೆಮೇಲೆ ಬೆವರು. ಆಸ್ಪತ್ರೆಗೆ ಕರ್ಕೊಂಡ್ಹೋಗಿ ಟ್ಯೂಬ್ ಹಾಕಿದ್ಮೇಲೆ ಅವ್ರ ಮುಖ ಸಡಿಲ ಆಗಿದ್ದು ನಂಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಟ್ರಿಪ್ ಸಿಕ್ಕಿದ್ದು ಮಾರನೇ ದಿನ ಅಂಗಿ ಕಿಸೆಯಲ್ಲಿ, ಆರು ಮಾತ್ರೆ ಖಾಲಿ. ವಯಸ್ಸಿಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿತ್ತು, ಅಲ್ಲಿವರೆಗೆ ಹೇಗೋ ನಡ್ಕೊಂಡು ಬಂದಿತ್ತು, ಸಿಪಿಎಂ ಮೂತ್ರಚೀಲದ ಹಿಂಡೋ ಶಕ್ತಿನೇ ಕಡಿಮೆ ಮಾಡ್ತು, ಫಿನೈಲೆಫ್ರಿನ್ ಬಾಯಿ ಬಿಗಿ ಮಾಡ್ತು. ಹಳೇ ತಲೆಮಾರಿನ ಆ್ಯಂಟಿ ಹಿಸ್ಟಮಿನ್‌ಗಳು ಹಿಸ್ಟಮಿನ್ ಒಂದನ್ನೇ ತಡಿಯಲ್ಲ, ಅಸಿಟೈಲ್‌ಕೋಲಿನ್ ಅನ್ನೋ ಇನ್ನೊಂದನ್ನೂ ತಡೀತವೆ, ಅದರಿಂದಲೇ ಬಾಯಿ ಒಣಗೋದು, ಮಲಬದ್ಧತೆ, ಮೂತ್ರ ಕಟ್ಟೋದು, ಕೆಲವು ಥರದ ಗ್ಲಾಕೋಮಾ ಇರೋರಿಗೆ ಕಣ್ಣಿನ ಒತ್ತಡ ಏರೋದು, ವಯಸ್ಸಾದವ್ರಿಗೆ ರಾತ್ರಿ ಗೊಂದಲ ಆಗಿ ಎಲ್ಲಿದ್ದೇನೆ ಅಂತ ತಿಳಿಯದೆ ಏಳೋಕೆ ಹೋಗಿ ಬೀಳೋದು. ಹಾಗಾಗಿ ನಿಮ್ಮ ಅಪ್ಪಂಗೆ ಆ ಥಂಡಿ ಮಾತ್ರೆ ಖಂಡಿತ ಬೇಡ, ಒಂದೂ ಬೇಡ. ಫೆಕ್ಸೊಫೆನಡಿನ್, ಲೊರಾಟಡಿನ್ ಥರದ್ದು ಅವ್ರಿಗೆ ಆಗ್ತದೆ, ಆದ್ರೆ 71ಕ್ಕೆ ಕಿಡ್ನಿ, ಬಿಪಿ, ಈಗ ತಗೊಳ್ತಿರೋ ಮಾತ್ರೆ ಎಲ್ಲ ನೋಡಿ ಡೋಸ್ ಹೇಳ್ಬೇಕು, ನಿಮ್ಮ ಸ್ಟ್ರಿಪ್ಪಿಂದ ಮುರಿದು ಕೊಡೋದಲ್ಲ.

ಅಂಗಡಿಯಲ್ಲಿ ಕೇಳುವಾಗ ಇನ್ನೊಂದು ಎಚ್ಚರ. ಅದೇ ಹೆಸರಿನ ಕೊನೆಗೆ ಎಂ, ಎಲ್‌ಸಿ, ಡಿ, ಕೋಲ್ಡ್ ಅಂತ ಬಾಲ ಇದ್ರೆ ಒಳಗೆ ಬೇರೆ ಔಷಧಿನೂ ಸೇರಿದೆ ಅಂತ ಅರ್ಥ. ಮಾಂಟೆಲುಕಾಸ್ಟ್ ಸೇರಿದ ಮಾತ್ರೆ ನಮ್ಮಲ್ಲಿ ಎಷ್ಟು ಬಳಕೆ ಅಂದ್ರೆ ಜನ ಅದನ್ನೇ ಅಲರ್ಜಿ ಮಾತ್ರೆ ಅಂದ್ಕೊಂಡಿದ್ದಾರೆ, ವರ್ಷಾನುಗಟ್ಟಲೆ ಚೀಟಿ ಇಲ್ಲದೆ ನುಂಗ್ತಾರೆ. ಅಸ್ತಮಾ ಇರೋರಿಗೆ ಅದಕ್ಕೆ ಅದರದ್ದೇ ಜಾಗ ಇದೆ. ಆದ್ರೆ 2020ರಲ್ಲಿ ಎಫ್‌ಡಿಎ ಅದರ ಮೇಲೆ ತನ್ನ ಅತಿ ಗಂಭೀರ ಮಟ್ಟದ ಎಚ್ಚರಿಕೆ ಹಾಕ್ಸಿದೆ, ಕೆಲವ್ರಿಗೆ ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆ ಯೋಚನೆ ತನಕ ಹೋಗ್ಬಹುದು ಅಂತ, ಬರೀ ಮೂಗಿನ ಅಲರ್ಜಿ ಇರೋರು ಬೇರೆ ಔಷಧಿ ಸಾಲದೇ ಇದ್ರೆ ಮಾತ್ರ ತಗೊಳ್ಳಿ ಅಂತ. ಮನೇಲಿ ಯಾರಾದ್ರೂ ಇದನ್ನ ತಗೊಂಡು ಇತ್ತೀಚೆಗೆ ಮಂಕಾಗಿದ್ದಾರೆ, ಸುಮ್ಸುಮ್ನೆ ರೇಗ್ತಾರೆ ಅನ್ಸಿದ್ರೆ ಡಾಕ್ಟರಿಗೆ ಆ ವಿಷಯ ಹೇಳಿ. ಸಣ್ಣ ಮಕ್ಕಳಿದ್ರೆ ಇದೂ ತಿಳ್ಕೊಂಡಿರಿ, ಸಿಪಿಎಂ ಮತ್ತೆ ಫಿನೈಲೆಫ್ರಿನ್ ಸೇರಿದ ಥಂಡಿ ಸಿರಪ್ಪನ್ನ ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು ಅಂತ ಬಾಟ್ಲಿ ಮೇಲೇ ಬರೀಬೇಕು ಅಂತ 2023ರ ಡಿಸೆಂಬರಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರೇ ಹೇಳಿದ್ದಾರೆ.

ಈಗ ಮೂಗು ಕಟ್ಟೋದು. ಸೀನು, ತುರಿಕೆ, ನೀರು ಇಳಿಯೋದು, ಇವಕ್ಕೆ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತದೆ, ಆದ್ರೆ ಕಟ್ಟಿದ ಮೂಗಿಗೆ ಯಾವ ಆ್ಯಂಟಿ ಹಿಸ್ಟಮಿನ್ ಮಾತ್ರೆನೂ ಅಷ್ಟಕ್ಕಷ್ಟೇ. ರಾತ್ರಿ ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿ ಬೆಳಗ್ಗೆ ಗಂಟಲು ಒಣಗಿ ಏಳ್ತೀರಿ ಅಂದ್ರೆ ನಿಮಗೆ ಬೇಕಾಗಿರೋದು ಮೂಗಿನ ಸ್ಟಿರಾಯ್ಡ್ ಸ್ಪ್ರೇ, ಫ್ಲುಟಿಕಾಸೋನ್ ಇಲ್ಲಾ ಮೊಮೆಟಾಸೋನ್. ಸ್ಟಿರಾಯ್ಡ್ ಅಂದ ಕೂಡ್ಲೆ ಜನ ಹೌಹಾರ್ತಾರೆ, ಆದ್ರೆ ಇದು ಮೂಗಲ್ಲೇ ಕೆಲಸ ಮಾಡಿ ರಕ್ತಕ್ಕೆ ಹೋಗೋದು ತೀರ ಕಡಿಮೆ. ದಿನಾ ತೊಂದ್ರೆ ಇರೋರಿಗೆ ಮಾತ್ರೆಗಿಂತ ಇದೇ ಗಟ್ಟಿ ಔಷಧಿ, ನಿದ್ದೆ ಪ್ರಶ್ನೆನೇ ಇಲ್ಲ. ಹೊಡ್ಕೊಳ್ಳೋ ರೀತಿ ಮಾತ್ರ ಕಲೀಬೇಕು. ಬಾಟ್ಲಿ ಅಲ್ಲಾಡಿಸಿ, ತಲೆ ಹಿಂದಕ್ಕೆ ಎತ್ಬೇಡಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಎಡಗಡೆ ಮೂಗಿಗೆ ಬಲಗೈಯಿಂದ, ಬಲಗಡೆಗೆ ಎಡಗೈಯಿಂದ, ತುದಿ ಕಿವಿ ಕಡೆಗೆ ತಿರುಗಿರ್ಲಿ, ಮಧ್ಯದ ಗೋಡೆಗೆ ಹೊಡೆದ್ರೆ ಅಲ್ಲಿ ಒಣಗಿ ರಕ್ತ ಬರ್ತದೆ. ಹೊಡೆಯುವಾಗ ಹೂವಿನ ವಾಸನೆ ನೋಡೋಷ್ಟು ಮೆತ್ತಗೆ ಎಳ್ಕೊಳ್ಳಿ, ಗಂಟಲಿಗೆ ಕಹಿ ಇಳಿದ್ರೆ ಜೋರಾಗಿ ಎಳೆದಿರಿ, ಔಷಧಿ ಹೊಟ್ಟೆಗೆ ಹೋಯ್ತು ಅಂತ ಲೆಕ್ಕ. ಎರಡು ದಿನ ಹೊಡೆದು ಪ್ರಯೋಜನ ಇಲ್ಲ ಅಂತ ಬಿಟ್ಟವ್ರೇ ಜಾಸ್ತಿ, ಪೂರ್ತಿ ಗುಣ ಕಾಣ್ಲಿಕ್ಕೆ ಒಂದೆರಡು ವಾರ ಬೇಕು. ಮೂಗಿಗೆ ಬಿಟ್ಟ ಕೂಡ್ಲೆ ತೆರೆಯೋ ಕ್ಸೈಲೊಮೆಟಾಜೊಲಿನ್ ಡ್ರಾಪ್ಸ್ ಬೇರೆ, ಅದನ್ನ ಐದು ದಿನಕ್ಕಿಂತ ಹೆಚ್ಚು ಹಾಕ್ಬೇಡಿ, ಆಮೇಲೆ ಡ್ರಾಪ್ಸ್ ಇಲ್ಲದಿದ್ರೆ ಮೂಗು ತೆರೆಯೋದೇ ಇಲ್ಲ ಅನ್ನೋ ಸ್ಥಿತಿ ಬರ್ತದೆ.

ಬೆಳಗ್ಗೆ ಹಾಸಿಗೆಯಿಂದ ಎದ್ದ ಕೂಡ್ಲೆ ಸೀನು ಅಂದ್ರೆ ನನ್ನ ಅನುಮಾನ ಹಾಸಿಗೆ ಮೇಲೇ. ಡಸ್ಟ್ ಮೈಟ್ ಅಂತಾರೆ, ಧೂಳು ನುಸಿ ಅನ್ನಿ, ಕಣ್ಣಿಗೆ ಕಾಣದಷ್ಟು ಸಣ್ಣ, ನಮ್ಮ ಮೈಯಿಂದ ಉದುರೋ ಚರ್ಮದ ಪುಡಿ ತಿಂದು ಹಾಸಿಗೆ ದಿಂಬಿನೊಳಗೆ ಬದುಕ್ತವೆ, ಅಲರ್ಜಿ ಮಾಡೋದು ಹೆಚ್ಚಾಗಿ ಅವುಗಳ ಹಿಕ್ಕೆ. ಅವಕ್ಕೆ ಬೇಕಾದ್ದು ತೇವ, ಜೂನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಅದಕ್ಕೇನು ಬರ. ಹತ್ತಿ ಹಾಸಿಗೆ ನಾಲ್ಕು ತಿಂಗಳು ಬಿಸಿಲು ಕಾಣಲ್ಲ, ಕಂಬಳಿ ಅಟ್ಟದಿಂದ ಇಳಿಸಿ ಹಾಗೇ ಹೊದ್ಕೋತೇವೆ, ಬಟ್ಟೆ ಬಚ್ಚಲ ಒಲೆ ಹತ್ರ ಅರ್ಧ ಒಣಗಿ ಮಡಚಿ ಇಡ್ತೇವೆ, ಗೋಡೆಗೆ ಬೂಷ್ಟು. ಚಾದರ, ದಿಂಬಿನ ಕವರ್ ವಾರಕ್ಕೊಮ್ಮೆ ಕೈ ಇಡ್ಲಿಕ್ಕಾಗದ ಬಿಸಿನೀರಲ್ಲಿ ನೆನೆಸಿ ತೊಳೀರಿ, ಬಚ್ಚಲ ಹಂಡೆ ಇರೋ ಮನೆಗೆ ಇದೇನು ಕಷ್ಟ ಅಲ್ಲ. ಬಿಸಿಲು ಬಂದ ದಿನ ಹಾಸಿಗೆ ಅಂಗಳಕ್ಕೆ ಹಾಕಿ, ಆದ್ರೆ ಬಡಿಯೋ ಕೆಲಸ ನಿಮ್ಮದಲ್ಲ, ಬೇರೆಯವ್ರಿಗೆ ಹೇಳಿ. ಅಡಿಕೆ ಚೀಲ ಲೋಡ್ ಮಾಡುವಾಗ ಗೋಣಿ ಧೂಳು ಮುಖಕ್ಕೇ ಹೊಡೀತದೆ, ಆಗ ಎನ್-95 ಮಾಸ್ಕ್ ಹಾಕ್ಕೊಳ್ಳಿ, ಟವೆಲ್ ಸುತ್ತಿದ್ರೆ ಆ ಸಣ್ಣ ಪುಡಿ ನಿಲ್ಲಲ್ಲ. ಕ್ಯಾಬಿನ್ ಒಳಗಿನ ಮ್ಯಾಟ್ ಕೂಡ ಒಮ್ಮೆ ತೆಗೆದು ನೋಡಿ.

ಬಂಗಡೆ ಪ್ರಶ್ನೆ ಕೇಳಿದ್ದು ತುಂಬ ಒಳ್ಳೇದಾಯ್ತು. ಬಂಗಡೆ, ಟ್ಯೂನಾ ಇಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅನ್ನೋದು ಜಾಸ್ತಿ, ಮೀನನ್ನ ಸರಿಯಾಗಿ ಐಸಲ್ಲಿ ಇಡದೆ ಬಿಸಿಲಿಗೆ ಬಿಟ್ರೆ ಬ್ಯಾಕ್ಟೀರಿಯಾ ಅದನ್ನ ಹಿಸ್ಟಮಿನ್ ಆಗಿ ಮಾಡ್ತವೆ. ಆ ಮೀನು ತಿಂದ್ರೆ ತಾಸೊಪ್ಪತ್ತಲ್ಲಿ ಮುಖ ಕೆಂಪು, ತಲೆನೋವು, ತುರಿಕೆ, ಎದೆ ಡವಡವ. ಎಷ್ಟು ಬೇಯಿಸಿದ್ರೂ, ಎಣ್ಣೆಯಲ್ಲಿ ಕರೆದ್ರೂ ಒಮ್ಮೆ ಹುಟ್ಟಿದ ಹಿಸ್ಟಮಿನ್ ಹೋಗಲ್ಲ. ಅವತ್ತು ಜೊತೆಗೆ ತಿಂದ ಬೇರೆಯವ್ರಿಗೂ ಆಗಿತ್ತಾ ನೆನಪು ಮಾಡ್ಕೊಳ್ಳಿ. ಆಗಿದ್ರೆ, ಆಮೇಲೆ ತಾಜಾ ಬಂಗಡೆ ತಿಂದು ನಿಮಗೆ ಏನೂ ಆಗಿಲ್ಲ ಅಂದ್ರೆ, ತಪ್ಪು ಆ ದಿನದ ಮೀನಿಂದು. ನಿಮಗೊಬ್ಬರಿಗೇ ಆಗಿದ್ರೆ, ಅಥವಾ ಮತ್ತೆ ತಿಂದಾಗಲೂ ಆಗಿದ್ರೆ ಅದು ಮೀನಿನದ್ದೇ ಅಲರ್ಜಿ ಇರ್ಬಹುದು, ಪರೀಕ್ಷೆ ಆಗೋ ತನಕ ಆ ಮೀನು ಮುಟ್ಬೇಡಿ.

ಯಾಕೆ ಇಷ್ಟು ಒತ್ತಿ ಹೇಳ್ತೇನೆ ಅಂದ್ರೆ ಮೀನಿಂದ ಇರ್ಲಿ, ತೋಟದಲ್ಲಿ ಹೆಜ್ಜೇನು ಹೊಡೆದದ್ದಿರ್ಲಿ, ಯಾವ್ದೋ ಇಂಜೆಕ್ಷನ್ ಇರ್ಲಿ, ತುಟಿ ನಾಲಿಗೆ ಊದೋದು, ಉಸಿರು ಕಟ್ಟೋದು, ಧ್ವನಿ ಬದಲಾಗೋದು, ಕಣ್ಣು ಕತ್ತಲೆ ಬಂದು ಕುಸಿಯೋದು ಕಂಡ್ರೆ ಈ ಮಾತ್ರೆಗಳ ಮೇಲೆ ಒಂದು ನಿಮಿಷನೂ ಕಳೀಬಾರದು. ಅಲ್ಲಿ ಜೀವ ಉಳಿಸೋದು ಅಡ್ರಿನಲಿನ್ ಇಂಜೆಕ್ಷನ್ ಒಂದೇ. 108ಕ್ಕೆ ಫೋನ್ ಮಾಡಿ, ಘಟ್ಟದ ಹಳ್ಳಿಗೆ ಆಂಬುಲೆನ್ಸ್ ಬರೋದು ತಡ ಅನ್ಸಿದ್ರೆ ಸಿಕ್ಕ ಗಾಡಿಯಲ್ಲಿ ಎದ್ರು ಹೋಗಿ, ಮಲಗಿಸ್ಕೊಂಡು ಕಾಲು ಎತ್ತರಕ್ಕೆ ಇಟ್ಕೊಂಡು, ಉಸಿರಾಟಕ್ಕೆ ಕಷ್ಟ ಇದ್ರೆ ಮಾತ್ರ ಕೂರಿಸ್ಕೊಂಡು. ಇನ್ನು ಸೀನಿನ ಜೊತೆ ಎದೆಯಲ್ಲಿ ಸುಂಯ್ ಸುಂಯ್ ಶಬ್ದ, ರಾತ್ರಿ ಕೆಮ್ಮು ಇದ್ರೆ ಅದು ಅಸ್ತಮಾ ಇರ್ಬಹುದು, ಅದಕ್ಕೂ ಈ ಮಾತ್ರೆ ಸಾಲದು, ಇನ್ಹೇಲರ್ ಬೇಕು.

ಸ್ಪ್ರೇ ಜೊತೆ ಫೆಕ್ಸೊಫೆನಡಿನ್ ಒಂದು ತಿಂಗಳು ಸರಿಯಾಗಿ ತಗೊಂಡೂ ಕಡಿಮೆ ಆಗಿಲ್ಲ ಅಂದ್ರೆ ಇಎನ್‌ಟಿ ಡಾಕ್ಟರ ಹತ್ರ ಹೋಗಿ. ಯಾವ್ದಕ್ಕೆ ಅಲರ್ಜಿ ಅಂತ ಕೈ ಮೇಲೆ ಸಣ್ಣಗೆ ಚುಚ್ಚಿ ನೋಡೋ ಪರೀಕ್ಷೆ ಮಾಡ್ಬೇಕು ಅಂದ್ರೆ ಅದಕ್ಕೆ ಒಂದು ವಾರ ಮುಂಚೆ ಎಲ್ಲ ಆ್ಯಂಟಿ ಹಿಸ್ಟಮಿನ್ ನಿಲ್ಲಿಸಿರ್ಬೇಕು, ಇಲ್ಲದಿದ್ರೆ ಅಲರ್ಜಿ ಇದ್ರೂ ಕೈ ಮೇಲೆ ಗುಳ್ಳೆ ಏಳಲ್ಲ, ಅಷ್ಟು ದೂರ ಹೋಗಿ ದುಡ್ಡು ಕೊಟ್ಟು ಮಾಡಿಸಿದ್ದು ದಂಡ. ಆ ವಾರ ಮೂಗಿನ ಸ್ಪ್ರೇ ಮಾತ್ರ ಬಿಡೋದು ಬೇಡ, ಅದು ಪರೀಕ್ಷೆಗೆ ಅಡ್ಡಿ ಬರಲ್ಲ. ಹೋಗುವಾಗ ಮನೇಲಿರೋ ಮಾತ್ರೆ ಸ್ಟ್ರಿಪ್ ಎಲ್ಲ ಒಂದು ಕೊಟ್ಟೆಗೆ ಹಾಕಿ ತಗೊಂಡು ಹೋಗಿ, ಅರ್ಧ ಖಾಲಿಯಾಗಿದ್ದೂ, ಅಪ್ಪ ಅಂಗಿ ಕಿಸೆಯಲ್ಲಿ ಇಟ್ಕೊಂಡಿರೋದೂ ಸೇರಿಸಿ.